ವಕೀಲರಿಲ್ಲದ ವಿಚ್ಛೇದನ: ಒಂದು ನಮೂನೆಯ ಚರಿತ್ರೆ

ತನ್ನ ದಾವೆಯನ್ನು ತಾನೇ ನಡೆಸಿಕೊಳ್ಳುವ ಹಕ್ಕು ಅಮೆರಿಕದಲ್ಲಿ ಹೊಸದಲ್ಲ. 1789ರ ನ್ಯಾಯಾಂಗ ಕಾಯ್ದೆಯ 35ನೇ ಕಲಮು ಒಕ್ಕೂಟದ ನ್ಯಾಯಾಲಯಗಳಲ್ಲಿ ಕಕ್ಷಿದಾರರೇ ಖುದ್ದಾಗಿ ವಾದಿಸಬಹುದೆಂದು ಬರೆದಿಟ್ಟಿತು. ವಿಚ್ಛೇದನ ರಾಜ್ಯಗಳ ವ್ಯಾಪ್ತಿಗೆ ಸೇರಿದ ವಿಷಯವಾದರೂ ಅಲ್ಲಿಯೂ ಇದೇ ತತ್ವ ನೆಲೆಗೊಂಡಿತ್ತು. ಆದರೆ ಗಂಡ ಹೆಂಡಿರು ಬೇರೆಯಾಗುವ ವ್ಯವಹಾರದಲ್ಲಿ ಬಹುಕಾಲ ಈ ಹಕ್ಕು ಹೆಸರಿಗಷ್ಟೇ ಇತ್ತು. ಒಬ್ಬರ ತಪ್ಪನ್ನು ಇನ್ನೊಬ್ಬರು ಸಾಕ್ಷಿ ಸಮೇತ ಸಾಬೀತು ಮಾಡಬೇಕಿತ್ತು. ನ್ಯೂಯಾರ್ಕಿನಲ್ಲಿ 1966ರ ಸುಧಾರಣೆಯವರೆಗೆ ವ್ಯಭಿಚಾರವೊಂದೇ ವಿಚ್ಛೇದನಕ್ಕೆ ಒಪ್ಪಿತವಾದ ಕಾರಣ. ಹಾಗಾಗಿ ಹೋಟೆಲ್ ಕೋಣೆಯಲ್ಲಿ ಬಾಡಿಗೆ ಹೆಂಗಸನ್ನು ಕೂರಿಸಿ ಫೋಟೋ ತೆಗೆಸುವ ಸುಳ್ಳುಗಳೂ ಹುಟ್ಟಿಕೊಂಡವು. 1931ರಲ್ಲಿ ನೆವಾಡಾ ರಾಜ್ಯ ಆರು ವಾರಗಳ ವಾಸ ಸಾಕೆಂದಾಗ ಉಳ್ಳವರು ರೀನೋ ಪಟ್ಟಣದ ರೈಲು ಹತ್ತಿದರು; ಇಲ್ಲದವರು ಬಿಟ್ಟು ಹೋದರು, ಇಲ್ಲವೇ ಸಹಿಸಿಕೊಂಡರು. ಹಕ್ಕಿದ್ದರೆ ಸಾಲದು, ಅದನ್ನು ಚಲಾಯಿಸಲು ಸಾಮಾನ್ಯರ ಕೈಗೆ ಒಂದು ಸಾಧನ ಸಿಗಬೇಕು, ಆ ಸಾಧನವೇ ಅರ್ಜಿಯ ನಮೂನೆ ಎಂಬುದು ನನ್ನ ವಾದ. ಮುಂದಿನ ಐವತ್ತು ವರ್ಷಗಳ ಚರಿತ್ರೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ.

1970ರ ಜನವರಿ 1ರಂದು ಕ್ಯಾಲಿಫೋರ್ನಿಯಾದಲ್ಲಿ ಹೊಸ ಕೌಟುಂಬಿಕ ಕಾಯ್ದೆ ಜಾರಿಗೆ ಬಂತು. ಹೊಂದಾಣಿಕೆ ಅಸಾಧ್ಯವೆಂದು ಹೇಳಿದರೆ ಸಾಕು, ಯಾರ ತಪ್ಪನ್ನೂ ಎತ್ತಿ ತೋರಿಸಬೇಕಾಗಿಲ್ಲ. ವಾದ ಕರಗಿ ಕಾಗದ ಉಳಿಯಿತು. ಮಾರನೇ ವರ್ಷ ಎರಡು ಘಟನೆಗಳಾದವು. ಕನೆಕ್ಟಿಕಟ್ ರಾಜ್ಯದಲ್ಲಿ ಸರ್ಕಾರಿ ನೆರವಿನ ಮೇಲೆ ಬದುಕುತ್ತಿದ್ದ ಮಹಿಳೆಯರು ಸುಮಾರು 60 ಡಾಲರಿನ ನ್ಯಾಯಾಲಯ ಖರ್ಚು ಕಟ್ಟಲಾಗದೆ ಹೂಡಿದ್ದ ಮೊಕದ್ದಮೆಯಲ್ಲಿ, ಹಣವಿಲ್ಲವೆಂದು ವಿಚ್ಛೇದನದ ಬಾಗಿಲು ಮುಚ್ಚುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಶುಲ್ಕದ ಅಡ್ಡಿ ಹೋಯಿತು, ವಕೀಲರ ಫೀಜು ಹಾಗೇ ಉಳಿಯಿತು. ಅದೇ 1971ರಲ್ಲಿ ಬಡವರ ಕಾನೂನು ನೆರವಿನಲ್ಲಿ ದುಡಿದಿದ್ದ ವಕೀಲರಾದ ಚಾರ್ಲ್ಸ್ ಶೆರ್ಮನ್ ಮತ್ತು ರಾಲ್ಫ್ ವಾರ್ನರ್ ಬರ್ಕ್ಲಿಯಲ್ಲಿ ನೋಲೋ ಪ್ರೆಸ್ ಕಟ್ಟಿದರು. ನಿಮ್ಮ ವಿಚ್ಛೇದನ ನೀವೇ ಮಾಡಿಕೊಳ್ಳಿ ಎಂದು ಹೇಳಿಕೊಡುವ ಶೆರ್ಮನ್ನರ ಪುಸ್ತಕವೇ ಅದರ ಮೊದಲ ಪ್ರಕಟಣೆ. ವಕೀಲಿ ವೃತ್ತಿಯ ಗುಟ್ಟನ್ನು ವಕೀಲರೇ ಬೀದಿಗೆ ತಂದದ್ದು ಸಣ್ಣ ಧೈರ್ಯವಲ್ಲ.

ಪುಸ್ತಕ ಮಾರುವುದು ಒಂದು, ಎದುರು ಕೂತವರಿಗೆ ಯಾವ ಖಾನೆಯಲ್ಲಿ ಏನು ಬರೆಯಬೇಕೆಂದು ಹೇಳುವುದು ಇನ್ನೊಂದು. ಫ್ಲಾರಿಡಾದಲ್ಲಿ ಜಗಳ ಹತ್ತಿದ್ದು ಇಲ್ಲೇ. ಬೆರಳಚ್ಚಿನ ಸೇವೆ ನಡೆಸುತ್ತಿದ್ದ ಮ್ಯಾರಿಲಿನ್ ಬ್ರಂಬಾ ಅವರ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 1978ರಲ್ಲಿ ಹೀಗೆ ವಿಧಿಸಿತು: ನಮೂನೆ ಮಾರಬಹುದು, ಗಿರಾಕಿ ಬರೆದು ಕೊಟ್ಟದ್ದನ್ನು ಟೈಪ್ ಮಾಡಬಹುದು, ತಪ್ಪು ಕಂಡರೂ ತಿದ್ದಕೂಡದು, ಸಲಹೆ ಕೊಡಕೂಡದು. ಜಾಕ್ಸನ್‌ವಿಲ್ಲಿನ ರೋಸ್‌ಮರಿ ಫರ್ಮನ್ 50 ಡಾಲರಿಗೆ ಇದೇ ಕೆಲಸ ಮಾಡುತ್ತಾ, ಗಿರಾಕಿಗಳ ಪ್ರಶ್ನೆಗೆ ಉತ್ತರವನ್ನೂ ಕೊಡುತ್ತಿದ್ದರು. 1979ರಲ್ಲಿ ಅವರಿಗೆ ನಿರ್ಬಂಧ ಬಿತ್ತು, 1984ರಲ್ಲಿ ನ್ಯಾಯಾಲಯ ನಿಂದನೆಗಾಗಿ ಜೈಲು ಶಿಕ್ಷೆಯಾಯಿತು. ಅದೇ ವರ್ಷ ಗವರ್ನರ್ ಬಾಬ್ ಗ್ರಹಾಂ ಮತ್ತು ಅವರ ಸಂಪುಟ ಕ್ಷಮಾದಾನ ನೀಡಿದ್ದರಿಂದ ಅವರು ಸೆರೆಮನೆಗೆ ಹೋಗುವುದು ತಪ್ಪಿತು. ಓದು ಬರಹ ಕಡಿಮೆಯಿದ್ದ ಹೆಂಗಸಿಗೆ ಅವಳದೇ ಅರ್ಜಿ ತುಂಬಲು ನೆರವಾಗುವುದು ಅಪರಾಧವಾದದ್ದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ತಪ್ಪು ಸಲಹೆಯಿಂದ ಜನರನ್ನು ಕಾಪಾಡುವುದು ನಿರ್ಬಂಧದ ಉದ್ದೇಶವಾಗಿತ್ತು. ಆದರೆ ವಕೀಲರನ್ನು ಹಿಡಿಯಲಾಗದವರಿಗೆ ಅದು ಉಳಿಸಿದ್ದು ಸಲಹೆಯೇ ಇಲ್ಲದ ಸ್ಥಿತಿಯನ್ನು.

ಮಕ್ಕಳಿದ್ದಾಗ ವಿಷಯ ಇನ್ನೂ ಸೂಕ್ಷ್ಮ. ವಾಷಿಂಗ್ಟನ್ ರಾಜ್ಯ 1973ರಲ್ಲೇ ತಪ್ಪು ಹೊರಿಸದ ವಿಚ್ಛೇದನವನ್ನು ಒಪ್ಪಿತ್ತು. 1987ರ ಪೇರೆಂಟಿಂಗ್ ಕಾಯ್ದೆಯಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಗು ಯಾರ ಸುಪರ್ದಿಗೆ, ಭೇಟಿ ಯಾರಿಗೆ ಎಂದು ಗೆದ್ದವರು ಸೋತವರನ್ನು ವಿಂಗಡಿಸುವ ಪದ್ಧತಿ ಬಿಟ್ಟು, ಪೇರೆಂಟಿಂಗ್ ಪ್ಲ್ಯಾನ್ ಎಂಬ ಬರಹವನ್ನು ಕೇಳಿತು. ಶಾಲೆಯ ದಿನಗಳಲ್ಲಿ ಮಗು ಯಾರ ಮನೆಯಲ್ಲಿ, ಬೇಸಿಗೆ ರಜೆ, ಹಬ್ಬ, ಹುಟ್ಟುಹಬ್ಬ ಯಾರ ಜೊತೆ, ಓದು ಮತ್ತು ವೈದ್ಯಕೀಯ ನಿರ್ಧಾರ ಯಾರದ್ದು, ಭಿನ್ನಾಭಿಪ್ರಾಯ ಬಂದರೆ ಮೊದಲು ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಅದರಲ್ಲಿ ಇರಬೇಕು. ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದು ತಂದೆತಾಯಿಗೇ ಹೊರತು ಯಾವ ವಕೀಲರಿಗೂ ಅಲ್ಲ. ರಾಜ್ಯ ಇಡೀ ಪ್ರದೇಶಕ್ಕೆ ಏಕರೂಪದ ಕಡ್ಡಾಯ ನಮೂನೆಗಳನ್ನು ತಂದಿತು, ಅವುಗಳನ್ನು ತುಂಬಲು ದಾರಿ ತೋರಿಸುವ ಸಹಾಯಕರನ್ನು ನ್ಯಾಯಾಲಯದ ಆವರಣದಲ್ಲೇ ನೇಮಿಸಲು ಅವಕಾಶ ಕೊಟ್ಟಿತು, 2016ರಲ್ಲಿ ನಮೂನೆಗಳನ್ನು ಸರಳ ಭಾಷೆಯಲ್ಲಿ ಮತ್ತೆ ಬರೆಸಿತು. ಫರ್ಮನ್‌ಗೆ ಶಿಕ್ಷೆ ತಂದಿತ್ತ ಕೆಲಸದ ಬಹುಪಾಲನ್ನು ಇಲ್ಲಿ ಸರ್ಕಾರವೇ ವಹಿಸಿಕೊಂಡಿತು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಹೊಡೆತ ತಿಂದು ಹೆದರಿದ ಹೆಂಡತಿ ಗಂಡ ಬರೆದದ್ದಕ್ಕೆ ಸಹಿ ಹಾಕಿಬಿಡಬಹುದು. ಪಿಂಚಣಿಯಲ್ಲಿ ತನಗೆ ಪಾಲಿದೆಯೆಂದೇ ತಿಳಿಯದೆ ಅದನ್ನು ಬಿಟ್ಟುಕೊಡಬಹುದು. ಇದನ್ನು ತಳ್ಳಿಹಾಕಲಾಗದು, ಆಸ್ತಿ ದೊಡ್ಡದಿದ್ದರೆ ಅಥವಾ ಜೀವಭಯವಿದ್ದರೆ ವಕೀಲರು ಬೇಕೇ ಬೇಕು. ಆದರೆ ಅಂಥ ಹೆಂಗಸಿಗೆ ನಮೂನೆ ಸಿಗದಂತೆ ಮಾಡಿದರೆ ವಕೀಲರು ತಾವಾಗಿ ಸಿಕ್ಕಿಬಿಡುವುದಿಲ್ಲ. ವಾಷಿಂಗ್ಟನ್ನಿನ ನಮೂನೆ ಈ ಅಪಾಯವನ್ನು ತನ್ನೊಳಗೇ ಎತ್ತಿಕೊಂಡಿದೆ: ಹಿಂಸೆ, ಮಗುವಿನ ಮೇಲಿನ ದೌರ್ಜನ್ಯ, ವ್ಯಸನದ ಕುರಿತು ನೇರವಾಗಿ ಕೇಳುತ್ತದೆ, ಹಿಂಸೆ ರುಜುವಾದರೆ ಕಾನೂನು ಜಂಟಿ ನಿರ್ಧಾರದ ಅಧಿಕಾರವನ್ನು ಕಡಿತಗೊಳಿಸುತ್ತದೆ. ಕೇಳಬೇಕಾದ ಪ್ರಶ್ನೆಯನ್ನು ಕಾಗದವೇ ಕೇಳಿದಾಗ, ಹೇಳಲು ಅಂಜುವವರಿಗೂ ಹೇಳುವ ಜಾಗವೊಂದು ಸಿಗುತ್ತದೆ. ನಮೂನೆ ಮುಟ್ಟದ ಕಡೆ ನೆರವಾಗಲೆಂದು ಅಲ್ಲಿನ ಸುಪ್ರೀಂ ಕೋರ್ಟ್ 2012ರಲ್ಲಿ ವಕೀಲರಲ್ಲದ, ಪರವಾನಗಿ ಪಡೆದ ಕಾನೂನು ತಜ್ಞರಿಗೆ ಕೌಟುಂಬಿಕ ವಿಷಯದಲ್ಲಿ ಸಲಹೆ ಕೊಡುವ ಹಾದಿಯನ್ನೂ ತೆರೆದಿತ್ತು. 2020ರಲ್ಲಿ, ಖರ್ಚು ಹೆಚ್ಚು, ಸೇರುವವರು ಕಡಿಮೆ ಎಂದು ಹೊಸಬರಿಗೆ ಅದನ್ನು ಮುಚ್ಚುವ ತೀರ್ಮಾನ ಮಾಡಿತು. ಆತುರದ ತೀರ್ಮಾನವದು.

ಫರ್ಮನ್‌ಗೆ ಶಿಕ್ಷೆಯಾದ 1984ರಲ್ಲೇ ಭಾರತದ ಸಂಸತ್ತು ಕುಟುಂಬ ನ್ಯಾಯಾಲಯಗಳ ಕಾಯ್ದೆಯನ್ನು ಅಂಗೀಕರಿಸಿತು. ಅದರ 13ನೇ ಕಲಮಿನ ಪ್ರಕಾರ ಅಲ್ಲಿ ವಕೀಲರ ಮೂಲಕ ವಾದಿಸುವುದು ಯಾರ ಹಕ್ಕೂ ಅಲ್ಲ. ಮೇಲೆ ಹೇಳಿದ ಅಮೆರಿಕದ ಯಾವ ಕಾಯ್ದೆಯೂ ಆಡದಷ್ಟು ದಿಟ್ಟ ಮಾತು ಇದು. ಆದರೂ ಬೆಂಗಳೂರಿನಿಂದ ಹಿಡಿದು ಎಲ್ಲೆಡೆ, ನ್ಯಾಯಾಲಯದ ಅನುಮತಿಯಿಂದ ವಕೀಲರು ಹಾಜರಾಗುವುದೇ ವಾಡಿಕೆಯಾಗಿ ಉಳಿದಿದೆ. ಕಾಯ್ದೆ ವಕೀಲರನ್ನು ಬಾಗಿಲಲ್ಲಿ ತಡೆಯಿತು. ಮಗುವಿನ ವಾರ, ರಜೆ, ಶಾಲೆಗಳ ಹಂಚಿಕೆಯನ್ನು ತಂದೆತಾಯಿಯೇ ತಮ್ಮ ಭಾಷೆಯಲ್ಲಿ ಬರೆದುಕೊಳ್ಳುವ ನಮೂನೆಯನ್ನು ಅವರ ಕೈಗೆ ಕೊಡಲಿಲ್ಲ.