ಮದರಾಸು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗ: ಸಂಶೋಧನ ಕ್ಷೇತ್ರಗಳ ಕವಲುಗಳು

ವಿಭಾಗವೊಂದರ ಸಂಶೋಧನ ಕ್ಷೇತ್ರಗಳನ್ನು ಕೈಪಿಡಿಯಲ್ಲಿ ಒಟ್ಟಾಗಿ ಓದಿದಾಗ ಅವೆಲ್ಲವೂ ಏಕಕಾಲದಲ್ಲಿ ಯೋಜಿತವಾದವೆಂಬ ಭ್ರಮೆ ಉಂಟಾಗುತ್ತದೆ. ಹಸ್ತಪ್ರತಿಗಳೊಡನೆ ವ್ಯವಹರಿಸುವ ನಮಗೆ ಈ ಭ್ರಮೆ ಹೊಸದಲ್ಲ. ಹಲವು ಕೈಗಳ ಬರವಣಿಗೆ ಒಂದೇ ಓಲೆಕಟ್ಟಿನಲ್ಲಿ ಸೇರಿದ ಮಾತ್ರಕ್ಕೆ ಏಕಕರ್ತೃಕವಾಗದು. ಮದರಾಸು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗ ಇದಕ್ಕೆ ಉತ್ತಮ ನಿದರ್ಶನ.

1952ರಲ್ಲಿ ಕುಲಪತಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರರು ಪ್ರಾಧ್ಯಾಪಕ ಪೀಠಕ್ಕೆ ಸಿ.ವಿ. ರಾಮನ್ನರನ್ನು ಆಹ್ವಾನಿಸಿದಾಗ, ರಾಮನ್ನರು ತಮ್ಮ ಶಿಷ್ಯ ಜಿ.ಎನ್. ರಾಮಚಂದ್ರನ್ ಅವರ ಹೆಸರನ್ನು ಸೂಚಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಹೊರಟ ಈ ಪ್ರಾಧ್ಯಾಪಕರಿಗೆ ಆಗ ಸುಮಾರು ಮೂವತ್ತು ವರ್ಷ. ಅವರ ವಿಷಯ ಸ್ಫಟಿಕವಿಜ್ಞಾನ, ಸಾಧನ ಕ್ಷ-ಕಿರಣ. ಪ್ರೋಟೀನು ಆ ಕಾರ್ಯಸೂಚಿಯಲ್ಲಿ ಇರಲಿಲ್ಲ. ಮದರಾಸಿಗೆ ಬಂದ ಜೆ.ಡಿ. ಬರ್ನಾಲರು, ಚರ್ಮ ಮತ್ತು ಸ್ನಾಯುಬಂಧಗಳ ಪ್ರೋಟೀನಾದ ಕೊಲಾಜೆನ್ನಿನ ರಚನೆ ಇನ್ನೂ ಇತ್ಯರ್ಥವಾಗಿಲ್ಲವೆಂದು ಪ್ರಸ್ತಾಪಿಸಿದರು. ಚರ್ಮೋದ್ಯಮಕ್ಕಾಗಿ 1948ರಲ್ಲಿ ಸ್ಥಾಪಿತವಾದ ಕೇಂದ್ರೀಯ ಚರ್ಮ ಸಂಶೋಧನ ಸಂಸ್ಥೆ ನೆರೆಯಲ್ಲೇ ಇದ್ದುದರಿಂದ ಮಾದರಿಗಳು ದೊರೆತವು. ಗೋಪಿನಾಥ ಕರ್ತಾ ಅವರೊಡನೆ ರಾಮಚಂದ್ರನ್ 1954ರಲ್ಲಿ ಮೂರೆಳೆಯ ರಚನೆಯನ್ನೂ 1955ರಲ್ಲಿ ಆ ಎಳೆಗಳು ಪರಸ್ಪರ ಹೊಸೆದುಕೊಂಡ ಪರಿಷ್ಕೃತ ರೂಪವನ್ನೂ ಪ್ರಕಟಿಸಿದರು.

ಇಲ್ಲಿ ಆಕ್ಷೇಪವೇ ಕ್ಷೇತ್ರವನ್ನು ಬೆಳೆಸಿತೆಂಬುದು ನಮ್ಮ ಅಭಿಪ್ರಾಯ. ಈ ರಚನೆಯಲ್ಲಿ ಕೆಲವು ಪರಮಾಣುಗಳು ಅತಿ ಸಮೀಪದಲ್ಲಿವೆಯೆಂದು ಕ್ರಿಕ್ ಮತ್ತು ರಿಚ್ ವಾದಿಸಿದರು. ಹಾಗಾದರೆ ಪರಮಾಣುಗಳು ಎಷ್ಟು ಸಮೀಪಿಸಬಹುದು? ಮದರಾಸಿನವರು ಆವರೆಗೆ ಪ್ರಕಟವಾಗಿದ್ದ ಸ್ಫಟಿಕರಚನೆಗಳನ್ನು ಪರಾಮರ್ಶಿಸಿ ಅಂತರದ ಮಿತಿಗಳನ್ನು ನಿರ್ಧರಿಸಿದರು. ಪೆಪ್ಟೈಡ್ ಘಟಕ ಸಮತಲೀಯವಾದುದರಿಂದ ಸರಪಳಿಯ ಬೆನ್ನೆಲುಬಿನ ತಿರುವನ್ನು ಪ್ರತಿ ಕೊಂಡಿಯಲ್ಲೂ ಎರಡು ಕೋನಗಳು ನಿರ್ಣಯಿಸುತ್ತವೆ. ಅವುಗಳಲ್ಲಿ ಸಾಧ್ಯವಾದ ಜೋಡಿಗಳನ್ನು ಗುರುತಿಸಿದ ನಕ್ಷೆಯನ್ನು ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಂದಿಗೆ ರಾಮಚಂದ್ರನ್ 1963ರಲ್ಲಿ ಪ್ರಕಟಿಸಿದರು. ಪ್ರೋಟೀನು ರಚನೆಗಳನ್ನು ಇಂದಿಗೂ ಈ ನಕ್ಷೆಯಿಂದಲೇ ಪರೀಕ್ಷಿಸಲಾಗುತ್ತದೆ.

ಸೈದ್ಧಾಂತಿಕ ಭೌತವಿಜ್ಞಾನದ ಕವಲು ಬೇರೆಯೇ. ಅದೇ ವಿಶ್ವವಿದ್ಯಾನಿಲಯದಲ್ಲಿದ್ದ ಅಲ್ಲಾಡಿ ರಾಮಕೃಷ್ಣನ್ ತಮ್ಮ ಮನೆಯಲ್ಲಿ ನಡೆಸುತ್ತಿದ್ದ ವಿಚಾರಗೋಷ್ಠಿಗಳ ಫಲವಾಗಿ 1962ರಲ್ಲಿ ಮದರಾಸಿನಲ್ಲಿ ಗಣಿತವಿಜ್ಞಾನ ಸಂಸ್ಥೆ ಪ್ರತ್ಯೇಕವಾಗಿ ಸ್ಥಾಪಿತವಾಯಿತು. ಇತ್ತ ರಾಮಚಂದ್ರನ್ನರ ವಿಭಾಗ ಸ್ಫಟಿಕವಿಜ್ಞಾನ ಮತ್ತು ಜೀವಭೌತವಿಜ್ಞಾನ ವಿಭಾಗವೆಂಬ ಹೆಸರು ತಳೆಯಿತು. ಇದನ್ನು ಸಂಕೋಚವೆಂದು ಹೇಳುವವರುಂಟು. ನಾವು ಹಾಗೆ ಭಾವಿಸುವುದಿಲ್ಲ. (ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟೆಲ್ ನಿಘಂಟು ಇದೇ ವಿಶ್ವವಿದ್ಯಾನಿಲಯದಿಂದ 1968ರಿಂದ 1971ರ ಅವಧಿಯಲ್ಲಿ ಹೊರಬಂದುದನ್ನು ನಮ್ಮ ಓದುಗರು ಬಲ್ಲರು.)

1971ರಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನ ಘಟಕವನ್ನು ಸ್ಥಾಪಿಸಿದರು. ಅದೇ ವರ್ಷ ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ, ಕ್ಷ-ಕಿರಣ ನೆರಳುಗಳಿಂದ ವಸ್ತುವಿನ ಒಳಚಿತ್ರವನ್ನು ಪುನಾರಚಿಸುವ ಗಣಿತವಿಧಾನವೊಂದನ್ನು ಪ್ರಕಟಿಸಿದರು. ಮುಂದೆ ಸಿ.ಟಿ. ಸ್ಕ್ಯಾನ್ ಯಂತ್ರಗಳಿಗೆ ಉಪಯುಕ್ತವಾದ ಈ ಕೃತಿಯನ್ನು ಯಾವ ಕ್ಷೇತ್ರದ ಶೀರ್ಷಿಕೆಯಡಿ ದಾಖಲಿಸಬೇಕೆಂಬುದು ವಿಭಾಗಗಳ ಚರಿತ್ರೆ ಬರೆಯುವವರ ಮುಂದಿರುವ ಪ್ರಶ್ನೆ.