ಅಡಯಾರಿನ ಮಹಿಳಾ ಸಂಘ

ಇಂದು ನಾವು ಚೆನ್ನೈ ಎಂದು ಕರೆಯುವ ಮದರಾಸು ಪಟ್ಟಣವು 1953ರವರೆಗೆ ಬಳ್ಳಾರಿಯವರಿಗೂ, 1956ರವರೆಗೆ ದಕ್ಷಿಣ ಕನ್ನಡದವರಿಗೂ ರಾಜಧಾನಿಯಾಗಿದ್ದಿತು. ನಮ್ಮ ಕರಾವಳಿಯ ಶಾನುಭೋಗರ ಲೆಕ್ಕವೂ, ಬಳ್ಳಾರಿಯ ರೈತನ ಕಂದಾಯವೂ ಕಡೆಯಲ್ಲಿ ಹೋಗಿ ಸೇರುತ್ತಿದ್ದುದು ಅಲ್ಲಿನ ಕಚೇರಿಗಳನ್ನೇ. ಆದುದರಿಂದ, ಆ ಪಟ್ಟಣದ ದಕ್ಷಿಣಕ್ಕಿರುವ ಅಡಯಾರಿನಲ್ಲಿ 1917ರ ಮೇ 8ರಂದು ಸ್ಥಾಪಿತವಾದ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಎಂಬ ಮಹಿಳಾ ಸಂಘದ ಚರಿತ್ರೆಯು ತಮಿಳರದಾಗಿರುವಂತೆಯೇ ಕನ್ನಡಿಗರದೂ ಆಗಿದೆ.

ಆನಿ ಬೆಸೆಂಟರು ಅಧ್ಯಕ್ಷರಾಗಿದ್ದ ಈ ಸಂಘವನ್ನು ಕಟ್ಟಿ ನಿಲ್ಲಿಸಿದವರಲ್ಲಿ ಡೊರೊಥಿ ಜಿನರಾಜದಾಸರೂ ಮಾರ್ಗರೆಟ್ ಕಸಿನ್ಸರೂ ಪ್ರಮುಖರು. ಐರ್ಲೆಂಡಿನಲ್ಲಿ ಹುಟ್ಟಿ, ಸ್ತ್ರೀಯರ ಮತಾಧಿಕಾರಕ್ಕಾಗಿ ಲಂಡನ್ನಿನಲ್ಲಿ ಸೆರೆವಾಸವನ್ನೂ ಅನುಭವಿಸಿ, 1915ರಲ್ಲಿ ಭಾರತಕ್ಕೆ ಬಂದ ಕಸಿನ್ಸರು ಇಲ್ಲಿ ಕೈಗೊಂಡ ಕಾರ್ಯವು ಮೊದಮೊದಲು ಅತ್ಯಂತ ವಿನಮ್ರವಾದುದು. ಬಾಲ್ಯದಲ್ಲಿ ವಿವಾಹವಾಗಿ ಶಾಲೆಯಿಂದ ದೂರವಾದ ಗೃಹಿಣಿಯರಿಗೆ ಅಕ್ಷರಾಭ್ಯಾಸ, ಹೊಲಿಗೆ, ಪ್ರಥಮ ಚಿಕಿತ್ಸೆ ಇವುಗಳನ್ನು ಕಲಿಸುವ ತರಗತಿಗಳು ಸಂಘದ ಶಾಖೆಗಳಲ್ಲಿ ನಡೆದುವು. ‘ಸ್ತ್ರೀ ಧರ್ಮ’ವೆಂಬ ಪತ್ರಿಕೆಯು ಇಂಗ್ಲಿಷಿನೊಡನೆ ದೇಶಭಾಷೆಗಳ ಬರಹಗಳಿಗೂ ಎಡೆಗೊಟ್ಟು, ಊರೂರಿನ ಶಾಖೆಗಳನ್ನು ಒಂದೇ ವಿಚಾರಸೂತ್ರದಲ್ಲಿ ಪೋಣಿಸಿತು.

ಆದರೆ ಅಕ್ಷರ ಕಲಿತ ಕೈಯು ಅರ್ಜಿಯನ್ನೂ ಬರೆಯಬಲ್ಲುದು. ಬಾಲವಧುವಿನ ಅನಾರೋಗ್ಯವನ್ನು ಶುಶ್ರೂಷೆಯಿಂದ ಶಮನಗೊಳಿಸಬಹುದಾದರೂ, ಬಾಲ್ಯವಿವಾಹವನ್ನು ತಡೆಯಲು ಶಾಸನವೇ ಬೇಕೆಂಬುದೂ, ಶಾಸನಸಭೆಯ ಬಾಗಿಲು ಮತಾಧಿಕಾರವಿಲ್ಲದವರಿಗೆ ತೆರೆಯದೆಂಬುದೂ ಸೇವಾನಿರತರಾದ ಆ ಸ್ತ್ರೀಯರಿಗೆ ಅನುಭವದಿಂದಲೇ ವೇದ್ಯವಾಯಿತು. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯಿಡು ಅವರ ನೇತೃತ್ವದಲ್ಲಿ ಮಹಿಳೆಯರ ನಿಯೋಗವೊಂದು ಮದರಾಸಿನಲ್ಲಿಯೇ ಬ್ರಿಟಿಷ್ ಸರ್ಕಾರದ ಭಾರತಮಂತ್ರಿ ಮಾಂಟೆಗ್ಯು ಅವರನ್ನು ಕಂಡು, ವಿದ್ಯೆ ಮತ್ತು ಆರೋಗ್ಯದ ಸೌಕರ್ಯಗಳೊಡನೆ ಮತಾಧಿಕಾರವನ್ನೂ ಬೇಡಿತು. 1919ರ ಭಾರತ ಸರ್ಕಾರ ಶಾಸನವು ಈ ಪ್ರಶ್ನೆಯ ತೀರ್ಮಾನವನ್ನು ಪ್ರಾಂತಗಳಿಗೇ ಬಿಟ್ಟುಕೊಟ್ಟಾಗ, ಬ್ರಿಟಿಷ್ ಭಾರತದ ಪ್ರಾಂತಗಳಲ್ಲೆಲ್ಲ ಮೊದಲಾಗಿ 1921ರಲ್ಲಿ ಸ್ತ್ರೀಯರಿಗೆ ಮತವನ್ನಿತ್ತ ಕೀರ್ತಿಯು ಮದರಾಸಿಗೆ ಸಂದಿತು. ಆಸ್ತಿಯ ಅರ್ಹತೆಗೆ ಒಳಪಟ್ಟಿದ್ದ ಆ ಹಕ್ಕು ಕೆಲವರಿಗೆ ಮಾತ್ರ ದೊರೆಯಿತೆಂಬುದು ದಿಟ. ಆದರೂ ಲಿಂಗಭೇದದ ಗೋಡೆ ಅಂದು ಬಿರುಕುಬಿಟ್ಟಿತು.

ಕನ್ನಡನಾಡಿನೊಡನೆ ಈ ಕಥೆಯ ನಂಟು ಇನ್ನೂ ನಿಕಟವಾದುದು. ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯಸ್ಥೆಯಾಗಿ ಕೆಲಕಾಲ ದುಡಿದಿದ್ದ ಕಸಿನ್ಸರ ಪ್ರೋತ್ಸಾಹದಿಂದಲೇ, ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದರಾಸು ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿದರು. ಪ್ರಚಾರಕ್ಕೆ ಸಮಯವೇ ಸಾಲದಿದ್ದರೂ ಅವರು ಸೋತುದು ಅತ್ಯಲ್ಪ ಮತಗಳ ಅಂತರದಿಂದ. ಮರುವರ್ಷ ಪುಣೆಯಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಹಿಂದೆಯೂ ಕಸಿನ್ಸರ ಕರೆಯಿದ್ದಿತು. ಅದರ ಸಂಘಟನೆಯ ಹೊಣೆಯನ್ನು ಕಮಲಾದೇವಿಯವರು ಹೊತ್ತರು.

ಅದೇ ಕಾಲದಲ್ಲಿ ಸಂಘದ ಸೂಚನೆಯಂತೆ ಶಾಸನಸಭೆಗೆ ನಾಮನಿರ್ದೇಶನಗೊಂಡ ವೈದ್ಯೆ ಮುತ್ತುಲಕ್ಷ್ಮಿ ರೆಡ್ಡಿ ಅವರು ಉಪಾಧ್ಯಕ್ಷ ಪದವಿಗೂ ಏರಿ, ದೇವಾಲಯಗಳಿಗೆ ಹೆಣ್ಣುಮಕ್ಕಳನ್ನು ಸಮರ್ಪಿಸುವ ಪದ್ಧತಿಯ ವಿರುದ್ಧ ಹೋರಾಡಿದರು. ಮೈಸೂರು ಸಂಸ್ಥಾನವು 1909ರಲ್ಲಿಯೇ ತನ್ನ ದೇವಾಲಯಗಳಲ್ಲಿ ಈ ಪದ್ಧತಿಯನ್ನು ನಿಲ್ಲಿಸಿದ್ದುದು ಈ ವಾದಕ್ಕೆ ಮೇಲ್ಪಂಕ್ತಿಯಾಗಿದ್ದಿತು. 1929ರ ಶಾಸನವು ದೇವದಾಸಿಯರ ಇನಾಮು ಭೂಮಿಯನ್ನು ಸೇವೆಯ ಬಂಧನದಿಂದ ಬಿಡಿಸಿತು. ಪೂರ್ಣ ನಿಷೇಧವು ಬಂದುದು 1947ರಲ್ಲಿ. ಆದರೆ ನಂಜನಗೂಡಿನಲ್ಲಿ ಹುಟ್ಟಿ ಮದರಾಸಿನಲ್ಲಿ ನೆಲೆಸಿದ ಮಹಾವಿದುಷಿ ಬೆಂಗಳೂರು ನಾಗರತ್ನಮ್ಮನವರು ಮುತ್ತುಲಕ್ಷ್ಮಿಯವರ ಈ ಪ್ರಯತ್ನವನ್ನು ವಿರೋಧಿಸಿ, ಕಲೆಯನ್ನೂ ಭಕ್ತಿಯನ್ನೂ ಆಸ್ತಿಯ ಸ್ವಾತಂತ್ರ್ಯವನ್ನೂ ಪರಂಪರೆಯಾಗಿ ಕಾಯ್ದುಕೊಂಡು ಬಂದ ತಮ್ಮ ಸಮುದಾಯಕ್ಕೆ ಅಂಟಿಸಿದ ಕಳಂಕವನ್ನು ಪ್ರತಿಭಟಿಸಿದುದನ್ನು ನಾವು ಮರೆಯಲಾಗದು. ಬಾಲಿಕೆಯರ ಬಿಡುಗಡೆಯು ಅತ್ಯಾವಶ್ಯಕವಾಗಿದ್ದಿತೆಂದು ನಂಬುವವರೂ ಸಹ, ಯಾರ ಹಿತಕ್ಕಾಗಿ ಶಾಸನವಾಯಿತೋ ಅವರ ಮಾತಿಗೆ ಅಂದು ತಕ್ಕ ಮನ್ನಣೆ ದೊರೆಯಲಿಲ್ಲವೆಂಬುದನ್ನು ಒಪ್ಪಬೇಕು. ಆಶ್ರಯವರಸಿ ಬಂದ ಬಾಲಿಕೆಯರಿಗಾಗಿ ಮುತ್ತುಲಕ್ಷ್ಮಿಯವರು 1930ರಲ್ಲಿ ಆರಂಭಿಸಿದ ಅವ್ವೈ ಮನೆಯು ಶಾಸನದಿಂದಾಗದ ಕೆಲಸವನ್ನು ಅನ್ನ, ವಿದ್ಯೆ, ವಾತ್ಸಲ್ಯಗಳಿಂದ ಮಾಡಿತು.

ಸಂಘದ ಸೇವೆಯ ಅತ್ಯಂತ ದೃಢವಾದ ಫಲವು ಬಂದುದು ಸ್ವಾತಂತ್ರ್ಯಾನಂತರ. ತಂಗಿಯನ್ನು ಕ್ಯಾನ್ಸರಿಗೆ ಬಲಿಗೊಟ್ಟಿದ್ದ ಮುತ್ತುಲಕ್ಷ್ಮಿಯವರು ಈ ವ್ಯಾಧಿಗೆಂದೇ ಪ್ರತ್ಯೇಕ ಆಸ್ಪತ್ರೆ ಬೇಕೆಂದು ದೀರ್ಘಕಾಲ ವಾದಿಸುತ್ತಿದ್ದರು. ಸಂಘವು ಅದಕ್ಕಾಗಿ ಪರಿಹಾರನಿಧಿಯೊಂದನ್ನು ತೆರೆದು ಧನಸಂಗ್ರಹ ಮಾಡಿತು. 1952ರಲ್ಲಿ ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ನೆರವೇರಿಸಿದರು. 1954ರ ಜೂನ್ 18ರಂದು ಅಡಯಾರಿನಲ್ಲಿ ಕೇವಲ 12 ಹಾಸಿಗೆಗಳೊಡನೆ ಕ್ಯಾನ್ಸರ್ ಸಂಸ್ಥೆಯು ಬಾಗಿಲು ತೆರೆಯಿತು. ಮುತ್ತುಲಕ್ಷ್ಮಿಯವರ ಪುತ್ರ ಡಾ. ಕೃಷ್ಣಮೂರ್ತಿಯವರೂ, 1955ರಲ್ಲಿ ಬಂದು ಸೇರಿ ಜೀವಮಾನವನ್ನೇ ಅಲ್ಲಿಗೆ ಮುಡಿಪಾಗಿಟ್ಟ ಡಾ. ವಿ. ಶಾಂತಾ ಅವರೂ ಅದನ್ನು ಬೆಳೆಸಿದರು. ಬಡವನೆಂಬ ಕಾರಣಕ್ಕೆ ರೋಗಿಯು ಚಿಕಿತ್ಸೆಯಿಂದ ವಂಚಿತನಾಗಬಾರದೆಂಬ ಸಂಕಲ್ಪವು ಆ ಬೆಳವಣಿಗೆಯ ಬೇರಾಗಿದ್ದಿತು.

ನಮ್ಮ ಊರುಗಳಲ್ಲಿ ಸೇವಾಸಂಘಗಳಿಗೆ ಕೊರತೆಯಿಲ್ಲ. ಹಣ್ಣು ಹಂಚುವ, ಪುಸ್ತಕ ಕೊಡುವ ಸತ್ಕಾರ್ಯಗಳು ಸ್ತುತ್ಯವಾದುವೇ. ಆದರೆ ಅಡಯಾರಿನ ಸಂಘವು ಕಂಡುಕೊಂಡುದು ಅದಕ್ಕಿಂತ ಮುಂದಿನ ಸತ್ಯ: ದುಃಖವನ್ನು ಉಪಶಮನಗೊಳಿಸುವವನು ಒಂದು ದಿನ ದುಃಖದ ಕಾರಣವನ್ನು ಪ್ರಶ್ನಿಸಲೇಬೇಕು, ಪ್ರಶ್ನಿಸಿ ಗೆದ್ದವನು ಮರಳಿ ರೋಗಿಯ ಬಳಿಗೆ, ಅನಾಥೆಯ ಬಳಿಗೆ ಬರಲೇಬೇಕು. ಈ ಎರಡರಲ್ಲಿ ಒಂದನ್ನು ಕೈಬಿಟ್ಟ ಸಂಘವು ಅರ್ಧ ಕೆಲಸವನ್ನಷ್ಟೇ ಮಾಡಿದಂತಾಗುವುದು. ಹೊಲಿಗೆಯ ತರಗತಿಯಿಂದ ಶಾಸನಸಭೆಗೂ, ಶಾಸನಸಭೆಯಿಂದ ಆಸ್ಪತ್ರೆಗೂ ನಡೆದ ಆ ಸ್ತ್ರೀಯರು ಎರಡನ್ನೂ ಮಾಡಿ ತೋರಿಸಿದರು. ಇಂದು ಸಂಘ ಕಟ್ಟಲು ಹೊರಡುವವರು ಅವರಿಂದ ಕಲಿಯಬೇಕಾದುದು ಇದನ್ನೇ.