ಅಕ್ಕಿಕಾಳು ಬೀಳೋಕಿಂತ ಮೊದಲು

ನಮ್ಮ ಜತ್ತ ಸೀಮೆಯಲ್ಲಿ ಗಂಡ-ಹೆಂಡತಿ ಜಗಳ ಜೋರಾದ ಮ್ಯಾಲ ಹಿರಿಯರು ಕಟ್ಟಿ ಮ್ಯಾಲ ಕೂಡ್ತಾರ. ಅಷ್ಟೊತ್ತಿಗೆ ಹುಡುಗಿ ತವರು ಸೇರಿರ್ತಾಳ. ಹಿರಿಯರನ್ನು ಮದುವೆಗೆ ಮೊದಲೇ ಕೂಡಿಸಿದ ಊರೊಂದು ಅಮೆರಿಕದಲ್ಲಿದೆ.

ಅದು ಕ್ಯಾಲಿಫೋರ್ನಿಯಾ ರಾಜ್ಯದ ಮೊಡೆಸ್ಟೊ; ಬಾದಾಮಿ ತೋಟಗಳ ಸೀಮೆ. 1986ರಲ್ಲಿ ಅಲ್ಲಿನ ಬೇರೆ ಬೇರೆ ಪಂಗಡದ 95 ಧರ್ಮಗುರುಗಳು ಒಂದು ಕರಾರಿಗೆ ಸಹಿ ಹಾಕಿದರು. ಅದಕ್ಕೆ ಪ್ರೇರಣೆ ಮೈಕೆಲ್ ಮೆಕ್‌ಮ್ಯಾನಸ್ ಎಂಬ ಪತ್ರಕರ್ತ. ಚರ್ಚಿನಲ್ಲಿ ಮದುವೆ ಆಗಬೇಕಾದ ಜೋಡಿ ನಾಲ್ಕು ತಿಂಗಳಾದರೂ ಕಾಯಬೇಕು. ಪ್ರಶ್ನೆಗಳ ಪಟ್ಟಿಗೆ ಇಬ್ಬರೂ ಉತ್ತರ ಬರೀಬೇಕು. ಬಾಳಿ ಬದುಕಿದ ದಂಪತಿಗಳ ಜೋಡಿ ಕೂತು ರೊಕ್ಕ, ಮಕ್ಕಳು, ಸಿಟ್ಟು ಎಲ್ಲಾ ಮಾತಾಡಬೇಕು. ಒಂದೇ ಚರ್ಚು ಈ ನೇಮ ಇಟ್ಟಿದ್ದರೆ ಜೋಡಿ ಬಾಜೂಕಿನ ಚರ್ಚಿಗೆ ಹೋಗುತ್ತಿತ್ತು. ಎಲ್ಲರೂ ಒಂದಾದದ್ದಕ್ಕೇ ಅದಕ್ಕೆ ಬಲ ಬಂತು.

1996ರಲ್ಲಿ ಮೆಕ್‌ಮ್ಯಾನಸ್ ದಂಪತಿ ‘ಮ್ಯಾರೇಜ್ ಸೇವರ್ಸ್’ ಎಂಬ ಸೇವಾಸಂಸ್ಥೆ ಕಟ್ಟಿದರು. ಅದು ಚರ್ಚುಗಳ ಜೊತೆಗೂಡಿ ಹಿರಿಯ ದಂಪತಿಗಳಿಗೆ ತರಬೇತಿ ಕೊಟ್ಟಿತು. ಕರಾರು 200ಕ್ಕೂ ಹೆಚ್ಚು ಊರುಗಳಿಗೆ ಹಬ್ಬಿತು. 2004ರ ಒಂದು ಅಧ್ಯಯನದ ಪ್ರಕಾರ ಅಂಥ ಕಡೆ ಸೋಡಚಿಟ್ಟಿ ತುಸು ಬೇಗ ಕಡಿಮೆಯಾದವು. ದೊಡ್ಡ ಪವಾಡವೇನಲ್ಲ, ಆದರೂ ಲಾಭವೇ.

ಒಂದು ಮಾತು ಮರೀಬಾರದು. ಹೊಡೆತ ತಿನ್ನೋಳನ್ನ ತಿರುಗಿ ಅದೇ ಮನಿಗೆ ದಬ್ಬೋದು ಸಂಸಾರ ಉಳಿಸೋದಲ್ಲ.

ಹಾಡಾಕ ಹೋದ ಮದುವಿ ಮನಿಯೊಳಗ ನಾನು ಹೊಲ, ಹುಂಡಾ, ಬಂಗಾರದ ಮಾತು ಬೇಕಾದಷ್ಟು ಕೇಳೀನಿ. ಹುಡುಗನ ಕುಡಿತ, ಹುಡುಗಿಯ ಮನಸ್ಸು ಕೇಳಿದವರು ಕಡಿಮಿ. ಅಷ್ಟನ್ನು ಕೇಳಾಕ ನಮ್ಮ ಮಠ, ಮಸೂತಿ, ಚರ್ಚಿನ ಹಿರಿಯರೂ ಒಂದು ದಿನ ಕೂಡಬಹುದಲ್ಲ?